ಇಬ್ಬರು ನೀಲಾಂಬಿಕೆಯರು

ಒಬ್ಬೊಬ್ಬ ಮನುಷ್ಯರೂ ಬೆಳಿಗ್ಗೆ ಇಬ್ಬರಾಗಿ ಒಡೆದು ದುಡಿದು ಸಂಜೆ ಮತ್ತೆ ಒಬ್ಬರಾಗುವುದು ಮಾಮೂಲಾಗಿದ್ದ ಕಾಲವದು. ಧಾರವಾಡದಲ್ಲಿ ನಡೆದ, ಕಂಪ್ಯೂಟರಿನಲ್ಲಿ ಹಲವು ಲೆಕ್ಕಗಳನ್ನು ಒಟ್ಟಿಗೇ ನಡೆಸುವ ಏಕಕಾಲ ಗಣನೆಯ ಸಮ್ಮೇಳನಕ್ಕೆ ಪ್ರಾಧ್ಯಾಪಕಿ ನೀಲಾಂಬಿಕೆಯೂ ಇಬ್ಬರಾಗಿಯೇ ಬಂದಿದ್ದಳು. ಒಬ್ಬಳು ತನ್ನ ಪ್ರಬಂಧ ಮಂಡಿಸುವಾಗ ಇನ್ನೊಬ್ಬಳು ಪಕ್ಕದ ಸಭಾಂಗಣದಲ್ಲಿ ಗೌತಮಿಯ ಪ್ರಬಂಧ ಕೇಳುತ್ತಿದ್ದಳು. ನೀಲಾಂಬಿಕೆ, ಗೌತಮಿ ಹತ್ತು ವರ್ಷಗಳಿಂದ ಪೈಪೋಟಿಯಲ್ಲಿ ಒಂದೇ ಪ್ರಮೇಯದ ಬೆನ್ನು ಹತ್ತಿದ್ದರು.

ಚಹಾದ ವೇಳೆಗೆ ಇಬ್ಬರು ನೀಲಾಂಬಿಕೆಯರೂ ಎದುರಾದರು.

“ಹೆಂಗಿತ್ತು ಆಕೀದು?” ಎಂದಳು ಮಂಡಿಸಿ ಬಂದವಳು.

“ಭಾಳ ಛಲೋ ಇತ್ತು. ಎದ್ದು ನಿಂತು ಚಪ್ಪಾಳಿ ಹೊಡದೆ.”

“ನನ್ನ ಕೈಲೆ ಆಕೀಗೆ ಚಪ್ಪಾಳಿ?” ಅವಳ ಮೈಯೆಲ್ಲ ಉರಿಯಿತು. “ಸಂಜೀಕ ನಿನ್ನ ಜೋಡಿ ನಾ ಒಂದಾಗಂಗಿಲ್ಲ, ಹೋಗು.”

“ನನಗೂ ನಿನ್ನ ಹೊಟ್ಟಿಕಿಚ್ಚು ಬ್ಯಾಡ. ಕೇಳೂತನಕಾ ನನಗೂ ಇತ್ತು. ಕೇಳಿದ ಮ್ಯಾಲೆ ಹೋತು.”

ಅಷ್ಟರಲ್ಲಿ ಗೌತಮಿಯೇ ಬಂದಳು, ಒಬ್ಬಳೇ, ಮುಖ ಸಪ್ಪಗೆ ಮಾಡಿಕೊಂಡು.

“ನಿಮ್ಮ ಪ್ರಬಂಧ ಕೇಳಾಕ ನನ್ನ ಇನ್ನೊಬ್ಬಾಕೀನ ಕಳಿಸಿದ್ದೆ ರೀ. ಬಂದು ಒಂದ ಸವನ ನಿಮ್ಮನ್ನ ಹೊಗಳಿದ್ಲು. ನನಗ ತಡಕೊಳ್ಳಾಕ ಆಗ್ಲಿಲ್ಲ, ಬೈದಬಿಟ್ಟೆ. ಸಿಟ್ಟಾಗಿ ಹೊರಗ ಕುಂತಾಳ.”

ಮಂಡಿಸಿ ಬಂದ ನೀಲಾಂಬಿಕೆಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ತನ್ನ ಇನ್ನೊಬ್ಬಳ ಕೈ ಹಿಡಿದು ಒಬ್ಬಳಾದಳು.

“ಬರ್ರಿ,” ಎಂದಳು, “ನಾವಿಬ್ಬರೂ ಹೋಗಿ ನಿಮ್ಮ ಇನ್ನೊಬ್ಬಾಕೀನ ಕರಕೊಂಡು ಬರೋಣು.”