ಜೀಪಿನ ತಳ

ಗುಡ್ಡ ಹತ್ತಲು ಹಗುರವಾಗಲಿ ಎಂದು ಸೇನೆಯ ಹೊಸ ಜೀಪಿನ ತಳದ ಉಕ್ಕನ್ನು ತೆಳ್ಳಗೆ ಮಾಡಿಸಿದವರು ಎಂಜಿನಿಯರ್ ಶೇಷಗಿರಿ. ಆ ತಳ ನೆಲಬಾಂಬ್ ತಡೆಯುವುದಿಲ್ಲ ಎಂದು ಗಡಿಯಿಂದ ದೂರುಗಳು ಬಂದವು. ಅವು ಸುಳ್ಳೆಂದು ತೋರಿಸಲು ಶೇಷಗಿರಿ ತಾವೇ ಗಡಿಗೆ ಹೋಗಿ, ಚಾಲಕ ಉತ್ತಯ್ಯನ ಪಕ್ಕದಲ್ಲಿ ಕುಳಿತು ಹೊರಟರು.

ಎರಡನೆಯ ತಿರುವಿನಲ್ಲೇ ನೆಲಬಾಂಬ್ ಸಿಡಿಯಿತು. ಉತ್ತಯ್ಯನಿಗೆ ಮೊಣಕಾಲಿನ ಕೆಳಗೆ ಏನೂ ಉಳಿದಿರಲಿಲ್ಲ. ಶೇಷಗಿರಿ ತಮ್ಮ ಬೆಲ್ಟ್ ಬಿಚ್ಚಿ ಅವನ ತೊಡೆಗೆ ಬಿಗಿದರು. ರಕ್ತ ನಿಲ್ಲಲಿಲ್ಲ.

“ನಿಮ್ಗೇನಾಯ್ತು ಸಾರ್?”

“ನಂಗೇನೂ ಆಗಿಲ್ಲ ಉತ್ತಯ್ಯ, ತರಚು ಗಾಯವೂ ಇಲ್ಲ. ಅದು ಹೇಗೆ? ಇಬ್ಬರ ಕಾಲಡಿಗೂ ಅದೇ ತಳ ಅಲ್ವಾ?”

“ಅಲ್ಲ ಸಾರ್,” ಉತ್ತಯ್ಯ ಏದುಸಿರಿನಲ್ಲಿ ಹೇಳಿದ. “ನಾವು ಡ್ರೈವರ್‌ಗಳು ಕಾಲಡಿಗೆ ದಪ್ಪ ತಗಡು ಹಾಕ್ಕೋತೀವಿ. ಬೆಳಿಗ್ಗೆ ನಂದನ್ನ ಬಿಚ್ಚಿ ನಿಮ್ ಕಡೆ ಹಾಕ್ದೆ.”