ಬಾಲದ ಮೇಲಿನ ಅರ್ಧಚಂದ್ರ

ಡಾಕ್ಟರ್ ಚನ್ನಬಸಪ್ಪ ಎಂಟನೆಯ ಸಲ ಫೋಟೋದ ಮೇಲೆ ಭೂತಗನ್ನಡಿ ಆಡಿಸಿದ. ಅರ್ಧಚಂದ್ರ ಎಲ್ಲೂ ಇರಲಿಲ್ಲ. ತಿಮಿಂಗಿಲದ ಬಾಲ ಈ ತುದಿಯಿಂದ ಆ ತುದಿಯವರೆಗೆ ಒಗೆದು ಹಾಕಿದ ಧೋತರದಂತೆ ಬೆಳ್ಳಗಿತ್ತು. ಹನ್ನೆರಡು ಫೋಟೋಗಳಲ್ಲೂ ಹಾಗೆಯೇ. ರಾಣೆಬೆನ್ನೂರಿನ ಆ ಇಕ್ಕಟ್ಟಿನ ಸ್ಟುಡಿಯೋದ ಬೆಂಚಿನ ಮೇಲೆ ಕೂತು ಅವನು ಒಬ್ಬನೇ ನಕ್ಕ.

ನಗಲಿಕ್ಕೆ ಕಾರಣವಿತ್ತು. ಸಮುದ್ರ ಸಂಶೋಧನೆಯ ಕಚೇರಿಯೊಂದರಲ್ಲಿ ಅವನು ಹಿರಿಯ ವಿಜ್ಞಾನಿ. ಫೋಟೋ ನೋಡಿ ಇದು ಇಂಥದೇ ತಿಮಿಂಗಿಲ ಎಂದು ಗುರುತು ಹಿಡಿಯುವುದು ಅವನ ಕಸುಬು. ಮನುಷ್ಯನಿಗೆ ಮುಖ ಹೇಗೋ ಆ ಜಾತಿಯ ತಿಮಿಂಗಿಲಕ್ಕೆ ಬಾಲದ ಅಡಿಭಾಗ ಹಾಗೆ. ಬಿಳುಪಿನ ಮೇಲೆ ಕಪ್ಪು ಕಲೆ, ಗೀರು. ಒಂದರದು ಇದ್ದಂತೆ ಇನ್ನೊಂದರದು ಇರುವುದಿಲ್ಲ. ಅವನ ಕೈಕೆಳಗಿನ ನಲಿನಿ, ಹಾವೇರಿಯ ಹುಡುಗಿ, ಒಂದು ವರದಿ ಬರೆದು ಅವನ ನಿದ್ದೆ ಕೆಡಿಸಿದ್ದಳು. ಬಾಲದಲ್ಲಿ ಅರ್ಧಚಂದ್ರದ ಕಲೆಯಿರುವ ಹದಿನೇಳನೆಯ ನಂಬರಿನ ತಿಮಿಂಗಿಲ ವರ್ಷವರ್ಷವೂ ಕಾರವಾರದ ಆಚೆಗೇ ಮರಳಿ ಬರುತ್ತದೆ ಎಂಬುದು ಅವಳ ವಾದ. ಅದು ಖರೆಯಾದರೆ ಹೊಸ ಯೋಜನೆಗೆ ಅವಳೇ ಮುಖ್ಯಸ್ಥೆ. ಸುಳ್ಳಾದರೆ ಆ ಕುರ್ಚಿ ಚನ್ನಬಸಪ್ಪನದು. ಮುಂದಿನ ಸೋಮವಾರ ಸಮಿತಿಯ ತೀರ್ಮಾನ.

ಪರೀಕ್ಷಿಸಲು ದೋಣಿ ಹತ್ತಿದವನು ಚನ್ನಬಸಪ್ಪನೇ. ಇಡೀ ದಿನಕ್ಕೆ ಒಂದೇ ಒಂದು ತಿಮಿಂಗಿಲ ಬಾಲ ಎತ್ತಿತು. ಅದನ್ನು ನೋಡಿದ್ದು ಕ್ಯಾಮೆರಾ ಮಾತ್ರ. ಮಹಾಶಯ ದೋಣಿಯ ಅಂಚಿಗೆ ಬಾಗಿ ವಾಂತಿ ಮಾಡಿಕೊಳ್ಳುತ್ತ, ಕಣ್ಣು ಮುಚ್ಚಿಕೊಂಡೇ ಗುಂಡಿ ಒತ್ತಿದ್ದ. ಈ ಸಂಗತಿ ವರದಿಯಲ್ಲಿ ಬರುವಂಥದ್ದಲ್ಲವೆಂದು ಅವನಿಗೆ ಅನ್ನಿಸಿತ್ತು.

ಅಲ್ಲಿಂದ ನೇರ ಬ್ಯಾಡಗಿಗೆ, ಭಾವಮೈದುನನ ಮದುವೆಗೆ ಬಂದ. ಅತ್ತೆಯ ಮನೆಯ ಮೆಣಸಿನಕಾಯಿ ಘಾಟು, ಬೀಗರ ಮಾತು, ಊರಿನ ಧೂಳು, ಯಾವುದೂ ಅವನ ಅಂತಸ್ತಿಗೆ ಹೊಂದಲಿಲ್ಲ. ಸೋಮವಾರದ ಅವಸರ ಇರದಿದ್ದರೆ ಅವನು ಹತ್ತಿರದ ರಾಣೆಬೆನ್ನೂರಿನ ಈ ನಬಿಸಾಬನ ಸ್ಟುಡಿಯೋದ ಮೆಟ್ಟಿಲನ್ನೂ ಹತ್ತುತ್ತಿರಲಿಲ್ಲ. ನಬಿಸಾಬ ಕತ್ತಲೆ ಕೋಣೆಯಲ್ಲಿದ್ದ. ಕಿಟಕಿಯ ಬೆಳಕಿಗೆ ಅವನ ಹೆಂಡತಿ ಮಹಮೂದಾಬೇಗಂ ಬ್ಲೇಡಿನಿಂದ ಪೆನ್ಸಿಲ್ ಹೆರೆಯುತ್ತ ಕೂತಿದ್ದಳು. ಲಕೋಟೆಗಳ ಮೇಲೆ ಹೆಸರು ಬರೆಯುವವಳಿರಬೇಕು ಎಂದುಕೊಂಡು ಚನ್ನಬಸಪ್ಪ ಫಿಲ್ಮ್ ರೋಲನ್ನು ಅವಳ ಮುಂದೆ ಒಗೆದ. ಯಾರ ಫೋಟೋ, ಹೇಗೆ ಬೇಕು ಎಂದು ಅವಳು ಕೇಳಿದಳು.

"ಅದು ನಿನಗ ತಿಳಿಯೂದಲ್ಲ. ಎಲ್ಲಾರದೂ ಹೆಂಗ ಮಾಡ್ತೀ, ಹಂಗ ಮಾಡು."

ಅವಳು ತಲೆಯಾಡಿಸಿ ರೋಲನ್ನು ಒಳಗೆ ಕೊಟ್ಟಳು.

ಈಗ ಮೂರು ದಿನದ ಮೇಲೆ ಫೋಟೋಗಳು ಅವನ ತೊಡೆಯ ಮೇಲಿದ್ದವು. ಇಂಥ ಕಲೆಯಿಲ್ಲದ ಬಾಲವನ್ನು ಲೋಕದಲ್ಲಿ ಯಾರೂ ನೋಡಿರಲಿಕ್ಕಿಲ್ಲ. ನಲಿನಿ ಸೋತಳು ಅನ್ನುವುದಷ್ಟೇ ಅಲ್ಲ, ತಾನು ಹೊಸ ತಿಮಿಂಗಿಲ ಕಂಡುಹಿಡಿದೆ ಎಂದು ಅವನು ಉಬ್ಬಿಹೋದ. ನೆಗೆಟಿವ್‌ಗಳನ್ನು ಕಣ್ಣೆತ್ತಿಯೂ ನೋಡದೆ, ನಲಿನಿಯ ವಿಳಾಸ ಬರೆದು, ಅವನ್ನು ಇವತ್ತೇ ರಿಜಿಸ್ಟರ್ ಮಾಡಿ ಕಳಿಸೆಂದು ಮಹಮೂದಾಬೇಗಂಗೆ ಹೇಳಿದ. ಜೊತೆಗೊಂದು ಚೀಟಿ ಇಟ್ಟ: ನೀವೇ ಕಣ್ಣಾರೆ ನೋಡಿ, ಸಮಿತಿಗೂ ತೋರಿಸಿ. ಕಳಿಸುವ ಮೊದಲು ಒಂದು ಫೋಟೋ ದೊಡ್ಡದು ಮಾಡಲಿಕ್ಕೆ ಹೇಳಿ, ತಂತಿ ಕೊಡಲು ಅಂಚೆ ಕಚೇರಿಗೆ ನಡೆದ. ಸಮಿತಿಯ ಅಧ್ಯಕ್ಷರಿಗೆ ತಂತಿ ಹೋಯಿತು: ಹದಿನೇಳು ಬಂದಿಲ್ಲ, ಬಾಲದಲ್ಲಿ ಕಲೆಯೇ ಇಲ್ಲ, ಹೊಸ ತಿಮಿಂಗಿಲ, ನೆಗೆಟಿವ್‌ಗಳೇ ಸಾಕ್ಷಿ. ಹೊಸದಕ್ಕೆ ತನ್ನ ಹೆಸರಿಡಬಹುದು ಎಂದು ಸೂಚಿಸುವುದನ್ನೂ ಮರೆಯಲಿಲ್ಲ.

ಮರುದಿನ ದೊಡ್ಡ ಫೋಟೋ ಒಯ್ಯಲು ಬಂದಾಗ ಸ್ಟುಡಿಯೋದಲ್ಲಿ ದುರಗವ್ವ ಎಂಬ ಹೆಂಗಸು ಮಗಳನ್ನು ಕರೆದುಕೊಂಡು ನಿಂತಿದ್ದಳು. ಕೈಯಲ್ಲಿ ಮಗಳ ಫೋಟೋ. ಚನ್ನಬಸಪ್ಪ ಅದರಲ್ಲಿ ಇಣುಕಿದ, ಹುಡುಗಿಯನ್ನು ನೋಡಿದ, ತುಟಿ ಸೊಟ್ಟ ಮಾಡಿದ. ಈ ಮಂದಿಗೆ ಒಂದು ಮುಖವೂ ಗುರುತು ಸಿಗುವುದಿಲ್ಲವೇ?

"ತಂಗಿ, ಬ್ಯಾರೆ ಯಾರದೋ ಫೋಟೋ ಕೊಟ್ಟಾರ ನಿಮಗ. ನಿನ್ನ ಮಗಳ ಗಲ್ಲದ ಮ್ಯಾಲ ಸುಟ್ಟ ಕಲೆ ಐತಿ. ಇದರಾಗ ಎಲ್ಲೈತಿ? ಗುರುತು ಹಿಡಿಯೂದ ನನ್ನ ಕಸುಬು."

ದುರಗವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಹುಡುಗಿ ಗೋಡೆಯ ಕಡೆ ತಿರುಗಿದಳು. ಮಹಮೂದಾಬೇಗಂ ಮಾತ್ರ ನಗಲಿಲ್ಲ.

"ಇಕಿದ ಫೋಟೋ ಅದು ಸಾಹೇಬ್ರ, ವರನ ಕಡ್ಯಾವ್ರಿಗೆ ತೋರ್ಸಾಕ. ನೆಗೆಟಿವ್ ಮ್ಯಾಲ ಪೆನ್ಸಿಲ್ ಆಡಿಸಿದ್ರ ಕಲೆ ಮುಚ್ಚತಾವ. ಕಲೆ ತೆಗೀಲಾರದ ಯಾರ ಫೋಟೋನೂ ನಾವು ಹೊರಗ ಕೊಡೂದಿಲ್ಲ."

ಚನ್ನಬಸಪ್ಪನ ಕೈಯಲ್ಲಿ ದೊಡ್ಡ ಫೋಟೋ ಇತ್ತು. ಬಾಲ ಬೆಳ್ಳಗಿತ್ತು. ಅವನು ಅದನ್ನು ಬೋರಲಾಗಿ ಬೆಂಚಿನ ಮೇಲಿಟ್ಟ. ನಾಚಿಕೆ ಎಂಬುದು ಆಗಲೂ ಅವನ ಹತ್ತಿರ ಸುಳಿಯಲಿಲ್ಲ. ಒಂದು ಆಸೆ ಮಾತ್ರ ಮಿಣಕ್ ಎಂದಿತು. ಪೆನ್ಸಿಲ್ ಆಡಿಸಿದ ನೆಗೆಟಿವ್‌ಗಳೇ ನಲಿನಿಗೆ ತಲುಪಿದರೆ ಯಾರಿಗೇನು ತಿಳಿದೀತು? ಹೋದ ನೆಗೆಟಿವ್‌ಗಳ ಮೇಲೆ ಪೆನ್ಸಿಲ್ ಹಾಗೆಯೇ ಇದೆಯಲ್ಲ ಎಂದು ಅವನು ತಗ್ಗಿದ ದನಿಯಲ್ಲಿ ಕೇಳಿದ. ಮೊದಲ ಸಲ ಅವಳನ್ನು ಬಹುವಚನದಲ್ಲಿ ಕರೆದ.

"ಗಿರಾಕಿ ನೆಗೆಟಿವ್ ಹೊಲಸ ಮಾಡಿ ಕೊಡೂ ಪದ್ಧತಿ ನಮ್ಮಲ್ಲಿಲ್ರಿ," ಎಂದಳು ಮಹಮೂದಾಬೇಗಂ, "ಹತ್ತೀಲೆ ಒರಿಸಿ, ಆ ಅರ್ಧಚಂದ್ರ ಸೈತ ಇದ್ದಂಗ ಇಟ್ಟು, ನಿನ್ನೇನ ಕಳಿಸೇನಿ."