ಎಲ್ವಿರಾಳ ಹೋಮ್‌ವರ್ಕ್

“ಬ್ಯಾಕ್ ಆಫ್!” ಎಂದು ಎಲ್ವಿರಾ ಗುಡುಗಿದ ರಭಸಕ್ಕೆ ಮಿಲ್ವಾಕಿಯ ಆ ಹೋಟೆಲಿನ ಹದಿನಾಲ್ಕು ಮಹಡಿಗಳೂ ನಡುಗಿ, ಸರೋವರದಾಚೆ ಮಿಷಿಗನ್ನಿನ ನಾಯಿಗಳು ಬೊಗಳತೊಡಗಿದವು. ಹಾಸಿಗೆ ಸರಿಮಾಡುತ್ತಿದ್ದ ಅವಳ ಸೊಂಟಕ್ಕೆ ಕೈಹಾಕಿದ್ದ ಮೇಲ್ವಿಚಾರಕ ಡ್ವೇನ್ ಮಾತ್ರ ಕದಲಲಿಲ್ಲ.

“ಓಹೋ, ಗ್ವಾಟೆಮಾಲಾದ ಗಿಣಿಗೆ ಇಂಗ್ಲಿಷ್ ಬಂತಾ! ಯಾರೇ ಕಲಿಸಿದ್ದು?”

“ಲೈಬ್ರರಿ ಕ್ಲಾಸಿನ ಮೇಡಂ. ‘ದೂರ ಸರಿ’ ಅಂತ ಅರ್ಥ. ವಾರಕ್ಕೊಂದು ಇಂಥ ಮಾತನ್ನ ಹೊರಗೆ ಯಾರಿಗಾದ್ರೂ ಹೇಳಿ, ಕೇಳಿಸಿಕೊಂಡವರ ಸಹಿ ತರಬೇಕು.” ಅವಳು ಕೈಗಾಡಿಯ ಮೇಲಿನಿಂದ, ಮೊದಲೇ ಬರೆದಿಟ್ಟಿದ್ದ ಹೋಮ್‌ವರ್ಕ್ ಹಾಳೆಯನ್ನು ಎತ್ತಿ ಚಾಚಿದಳು.

“ತಾರೇ, ಹಾಕ್ತೀನಿ. ಸಂಜೆ ನಿನ್ನನ್ನ ಕೆಲಸದಿಂದ ಒದ್ದು ಓಡಿಸ್ತೀನಲ್ಲ, ಅದಕ್ಕೂ ಇಂಗ್ಲಿಷಲ್ಲಿ ಒಂದು ಮಾತಿದೆ. ಮುಂದಿನ ವಾರದ ಪಾಠಕ್ಕಾಯ್ತು!”

ಓದದೆ ಸಹಿ ಗೀಚುವುದರಲ್ಲಿ ಡ್ವೇನ್ ಭೂಮಂಡಲಕ್ಕೇ ಚಕ್ರವರ್ತಿ. ಕೋಣೆ ಗುಡಿಸಿದ ಚೀಟಿಗಳಿಗೆ ದಿನಕ್ಕೆ ನೂರು ಸಹಿ ಹಾಕುವ ಆ ಕೈ, ಹಲ್ಲು ಕಿಸಿಯುತ್ತಲೇ ಇದಕ್ಕೂ ಹಾಕಿತು. ಹೆಸರು, ಹುದ್ದೆ, ತಾರೀಕಿನ ಸಮೇತ.

ಎಲ್ವಿರಾ ಹಾಳೆ ಕಸಿದುಕೊಂಡು, ಪಕ್ಕದ ಕೋಣೆಗಳ ಹೆಂಗಸರೂ ಬಾಗಿಲಿಗೆ ಬರುವಂತೆ ಗಟ್ಟಿಯಾಗಿ ಓದಿದಳು: “ಹೇಳಿದ ಮಾತು, ಬ್ಯಾಕ್ ಆಫ್. ಹೇಳಬೇಕಾದ ಕಾರಣ, ಡ್ವೇನ್ ದಿನಾ ಬೆಳಿಗ್ಗೆ ಹತ್ತಕ್ಕೆ ಬಂದು ನನ್ನ ಸೊಂಟಕ್ಕೆ ಕೈ ಹಾಕುತ್ತಾನೆ. ‘ಮೇಲಿನದು ನಿಜ’ ಎಂದು ಕೇಳಿಸಿಕೊಂಡವರ ಸಹಿ…”

ಡ್ವೇನನ ಮುಖ ಹೊಸ ಬೆಡ್‌ಶೀಟಿಗಿಂತ ಬೆಳ್ಳಗಾಯಿತು. ಬಾಗಿಲ ತುಂಬ ಹೆಂಗಸರು. ಅವನು ಎರಡು ಹೆಜ್ಜೆ ಹಿಂದೆ ಸರಿದ.

“ಅದನ್ನ ಕೊಡೇ…” ಎಂದವನು, ಬಾಗಿಲ ಕಡೆ ನೋಡಿ, “ಕೊಡಿ, ಎಲ್ವಿರಾ ಅವರೇ,” ಎಂದ.